ದೋಣಿ ಸ್ವಂತ, ದಡ ಯಾರದು?

ಲಂಡನ್, ಬ್ರಿಸ್ಟಲ್, ಆಮ್‌ಸ್ಟರ್‌ಡ್ಯಾಮ್‌ನಂತಹ ನಗರಗಳಲ್ಲಿ ಮನೆಯ ಬೆಲೆ ದುಡಿಯುವವರ ಕೈಗೆ ನಿಲುಕದಷ್ಟು ಏರಿದೆ. ಹಾಗಾಗಿ ಹಳೆಯ ಸರಕು ಬಾರ್ಜ್ ಕೊಂಡು ಅದರಲ್ಲೇ ಸಂಸಾರ ಹೂಡುವ ಆಲೋಚನೆ ಅನೇಕರನ್ನು ಸೆಳೆಯುತ್ತಿದೆ. ಒಂದು ಕಾಲಕ್ಕೆ ಕಲ್ಲಿದ್ದಲು, ಧಾನ್ಯ, ಮರಳು ಹೊತ್ತ ಕಬ್ಬಿಣದ ಒಡಲಲ್ಲಿ ಈಗ ಅಡುಗೆಮನೆ, ಮಲಗುವ ಕೋಣೆ, ಮಕ್ಕಳ ಓದುವ ಮೇಜು. ಫ್ಲ್ಯಾಟಿನ ಬೆಲೆಯ ಒಂದು ಪಾಲಿಗೇ ಸ್ವಂತ ಸೂರು ಸಿಗುತ್ತದೆ ಎಂಬ ಲೆಕ್ಕ ಮೇಲ್ನೋಟಕ್ಕೆ ಸರಿಯೇ. ಆದರೆ ಆ ಲೆಕ್ಕದಲ್ಲಿ ದೊಡ್ಡದೊಂದು ಬಾಬತ್ತು ಬಿಟ್ಟುಹೋಗಿರುತ್ತದೆ: ದೋಣಿಯನ್ನು ಕಟ್ಟಿ ನಿಲ್ಲಿಸುವ ಜಾಗ. ಹಳೆಯ ದೋಣಿಯನ್ನು ಮನೆಯಾಗಿಸುವುದು ದಡದ ಮೇಲಿನ ಹಕ್ಕು. ಕಾನೂನು ಆ ಹಕ್ಕನ್ನು ಗಟ್ಟಿಮಾಡದೆ, ನೀರಿನ ಮೇಲಿನ ಬದುಕನ್ನು ಅಗ್ಗದ ವಸತಿ ಎಂದು ಹೊಗಳುವುದು ಅಲ್ಲಿ ಬದುಕುವವರಿಗೆ ಮಾಡುವ ಅನ್ಯಾಯ.

ಈ ದೋಣಿಗಳು ಮಾರಾಟಕ್ಕೆ ಬಂದದ್ದು ಸಾರಿಗೆಯ ಚರಿತ್ರೆ ಹೊರಳಿದ್ದರಿಂದ. 1879ರಲ್ಲಿ ಫ್ರಾನ್ಸ್ ತನ್ನ ಮುಖ್ಯ ಕಾಲುವೆಗಳ ಲಾಕ್‌ಗಳಿಗೆ (ದೋಣಿಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಕಟ್ಟೆಗಳಿಗೆ) 39 ಮೀಟರ್ ಉದ್ದ, 5.2 ಮೀಟರ್ ಅಗಲ ಎಂದು ಅಳತೆ ನಿಗದಿ ಮಾಡಿತು. ಆ ಅಳತೆಗೆ ತಕ್ಕ ಸಾವಿರಾರು ಬಾರ್ಜ್‌ಗಳು ತಯಾರಾದವು. ನೆದರ್ಲೆಂಡ್ಸ್‌ನಲ್ಲಿ 1920 ಮತ್ತು 30ರ ದಶಕಗಳಲ್ಲಿ ಎಂಜಿನ್ ಅಳವಡಿಸಿದ ಉಕ್ಕಿನ ಸರಕು ದೋಣಿಗಳು ಹಾಯಿದೋಣಿಗಳ ಜಾಗ ಹಿಡಿದವು. ಮುಂದೆ ಲಾರಿಗಳೂ ದೊಡ್ಡ ಹಡಗುಗಳೂ ಬಂದು ಇವೆಲ್ಲವನ್ನೂ ಬದಿಗೆ ಸರಿಸಿದವು. ಇಂಗ್ಲೆಂಡಿನಲ್ಲಿ 1962–63ರ ಚಳಿಗಾಲಕ್ಕೆ ಕಾಲುವೆಗಳು ತಿಂಗಳುಗಟ್ಟಲೆ ಹೆಪ್ಪುಗಟ್ಟಿದಾಗ, ಅಳಿದುಳಿದ ಸರಕು ಸಾಗಣೆಯೂ ಬಹುಪಾಲು ನಿಂತಿತು. ಗುಜರಿಗೆ ಹೋಗಬೇಕಿದ್ದ ಎಷ್ಟೋ ದೋಣಿಗಳನ್ನು ಉಳಿಸಿದವರು ಅವುಗಳಲ್ಲಿ ವಾಸಕ್ಕಿಳಿದವರು. ಎರಡನೇ ಮಹಾಯುದ್ಧದ ನಂತರ ವಸತಿಯ ಬರ ಎದುರಿಸಿದ ಆಮ್‌ಸ್ಟರ್‌ಡ್ಯಾಮ್‌ನ ಕುಟುಂಬಗಳು ಇಂಥ ದೋಣಿಗಳಿಗೆ ಸೇರಿಕೊಂಡವು. ಇಂಗ್ಲೆಂಡಿನಲ್ಲಿ ಎಲ್.ಟಿ.ಸಿ. ರೋಲ್ಟ್ ‘ಕ್ರೆಸ್ಸಿ’ ಎಂಬ ಹಳೆಯ ದೋಣಿಯಲ್ಲಿ ಬಾಳಿ, ಆ ಅನುಭವದಿಂದ ಬರೆದ ‘ನ್ಯಾರೋ ಬೋಟ್’ ಪುಸ್ತಕ 1944ರಲ್ಲಿ ಪ್ರಕಟವಾಯಿತು. ಅದರ ಪ್ರೇರಣೆಯಿಂದ 1946ರಲ್ಲಿ ಹುಟ್ಟಿದ ಒಳನಾಡು ಜಲಮಾರ್ಗಗಳ ಸಂಘ, ಮುಚ್ಚಿಹೋಗಲಿದ್ದ ಕಾಲುವೆಗಳ ಪರವಾಗಿ ದಶಕಗಳ ಕಾಲ ಹೋರಾಡಿತು.

ಕೊಳ್ಳುವವರ ಕಣ್ಣು ಮೊದಲು ಬೀಳುವುದು ಒಳಾಂಗಣದ ಮೇಲೆ. ಪರೀಕ್ಷಿಸಬೇಕಾದದ್ದು ನೀರಿನಡಿಯ ತಳವನ್ನು. ದೋಣಿಯನ್ನು ಡ್ರೈ ಡಾಕ್‌ಗೆ ತಂದು, ಸರ್ವೇಯರ್ ಅಲ್ಟ್ರಾಸೌಂಡ್ ಉಪಕರಣದಿಂದ ತಗಡಿನ ದಪ್ಪ ಅಳೆಯುತ್ತಾರೆ. ಅದು 4 ಮಿಲಿಮೀಟರಿಗಿಂತ ಕೆಳಗಿಳಿದಿದ್ದರೆ ವಿಮಾ ಕಂಪನಿಗಳು ಸಾಮಾನ್ಯವಾಗಿ ತಕರಾರು ಎತ್ತುತ್ತವೆ. ಸವೆದ ಕಡೆ ಹೊಸ ತಗಡು ಬೆಸೆಯಬೇಕಾಗುತ್ತದೆ. ನೂರು ವರ್ಷದ ಒಡಲಿನಲ್ಲಿ ರಿವೆಟ್‌ಗಳ ತಲೆ ಸವೆದಿರಬಹುದು, ಒಳಗೆ ನಿಂತ ನೀರಿನಿಂದ ತುಕ್ಕು ಹಿಡಿದಿರಬಹುದು. ಎರಡು ಮೂರು ವರ್ಷಕ್ಕೊಮ್ಮೆ ನೀರಿನಿಂದೆತ್ತಿ ತಳಕ್ಕೆ ಬಿಟುಮೆನ್ ಬಳಿಸಬೇಕು. ಇಂಗ್ಲೆಂಡಿನಲ್ಲಾದರೆ ನಾಲ್ಕು ವರ್ಷಕ್ಕೊಮ್ಮೆ ಗ್ಯಾಸ್, ವಿದ್ಯುತ್, ಇಂಧನ ವ್ಯವಸ್ಥೆಗಳ ಸುರಕ್ಷತಾ ಪ್ರಮಾಣಪತ್ರವನ್ನೂ ನವೀಕರಿಸಬೇಕು. ಮಾಲೀಕತ್ವದ ಪ್ರಶ್ನೆ ಬೇರೆಯೇ ಇದೆ. ನಮ್ಮಲ್ಲಿ ನಿವೇಶನ ಕೊಳ್ಳುವವರು ಉಪನೋಂದಣಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ತೆಗೆಸಿ ನೋಡುತ್ತಾರೆ. ಇಂಗ್ಲೆಂಡಿನ ಒಳನಾಡು ದೋಣಿಗಳಿಗೆ ಮಾಲೀಕತ್ವ ಸಾರುವ ಅಂಥ ಕಡ್ಡಾಯ ನೋಂದಣಿಯೇ ಇಲ್ಲ. ಹಳೆಯ ಮಾರಾಟಪತ್ರಗಳ ಸರಪಳಿಯನ್ನೇ ನಂಬಬೇಕು. ಇಷ್ಟಾದರೂ ಇವೆಲ್ಲ ಹಣ, ತಾಳ್ಮೆ ಮತ್ತು ಪರಿಣತರ ನೆರವಿನಿಂದ ನಿಭಾಯಿಸಬಹುದಾದ ತೊಡಕುಗಳು.

ದಡದ ತೊಡಕು ಹಾಗಲ್ಲ. ಬ್ರಿಟನ್ನಿನ 1995ರ ಜಲಮಾರ್ಗ ಕಾಯ್ದೆಯ ಪ್ರಕಾರ, ಖಾಯಂ ನಿಲುಗಡೆ ಜಾಗವಿಲ್ಲದ ದೋಣಿ ನಿಜವಾಗಿ ಸಂಚಾರದಲ್ಲಿರಬೇಕು. ವಿಶೇಷ ಕಾರಣವಿಲ್ಲದೆ ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಶಾಲೆಗೆ ಹೋಗುವ ಮಗು, ದಿನಗೂಲಿಯ ಕೆಲಸ, ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಬೇಕಾದ ವೃದ್ಧರು ಇರುವ ಮನೆ ಪ್ರತಿ ಎರಡು ವಾರಕ್ಕೆ ಜಾಗ ಬದಲಿಸುತ್ತಲೇ ಇರಬೇಕು. ಸುಮಾರು 3,200 ಕಿಲೋಮೀಟರ್ ಜಲಮಾರ್ಗ ನೋಡಿಕೊಳ್ಳುವ ಕೆನಾಲ್ ಆ್ಯಂಡ್ ರಿವರ್ ಟ್ರಸ್ಟ್, ಹೀಗೆ ನಿರಂತರ ಸಂಚರಿಸುವ ದೋಣಿಗಳ ಪರವಾನಗಿಗೆ 2024ರ ಏಪ್ರಿಲ್‌ನಿಂದ ಹೆಚ್ಚುವರಿ ಶುಲ್ಕ ವಿಧಿಸುತ್ತಿದೆ. ಬಾಡಿಗೆಗೆ ನಿಲುಗಡೆ ಜಾಗ ಪಡೆದವರ ಸ್ಥಿತಿಯೂ ಭದ್ರವಲ್ಲ. ಚಕ್ರದ ಮೇಲಿನ ಮನೆಗಳಲ್ಲಿ ನೆಲೆಸಿದವರಿಗೆ 1983ರ ಮೊಬೈಲ್ ಹೋಮ್ಸ್ ಕಾಯ್ದೆ ಕೊಡುವ ರಕ್ಷಣೆ ದೋಣಿಗಳಿಗೆ ಅನ್ವಯಿಸದು. ಜಾಗವೇ ಕೈಯಲ್ಲಿಲ್ಲದ ಮೇಲೆ ಸಾಮಾನ್ಯ ಗೃಹಸಾಲವೂ ಇಲ್ಲ. ದೋಣಿಯ ಅಳತೆಯೂ ಜಾಗವನ್ನು ನಿರ್ಧರಿಸುತ್ತದೆ: ಐದು ಮೀಟರ್ ಅಗಲದ ಬಾರ್ಜ್ ಇಂಗ್ಲೆಂಡಿನ ಏಳು ಅಡಿಯ ಲಾಕ್‌ಗಳಲ್ಲಿ ತೂರುವುದೇ ಇಲ್ಲ.

ನೆದರ್ಲೆಂಡ್ಸ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಭೂದಾಖಲೆ ಇಡುವ ‘ಕಡಾಸ್ಟರ್’ ಸಂಸ್ಥೆಯೇ ಹಡಗುಗಳ ದಾಖಲೆಯನ್ನೂ ಇಡುತ್ತದೆ. ನೋಂದಣಿ ಸಂಖ್ಯೆಯನ್ನು ಒಡಲಿನ ಮೇಲೆ ಅಚ್ಚೊತ್ತುತ್ತಾರೆ. ಆದ್ದರಿಂದ ದೋಣಿಯನ್ನು ಅಡವಿಟ್ಟು ಸಾಲ ಪಡೆಯಬಹುದು. 2014ರಲ್ಲಿ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ, ಒಂದೇ ಕಡೆ ನೆಲೆನಿಂತ ದೋಣಿಮನೆಯೂ ಕಟ್ಟಡವೇ ಎಂದಿತು. ಇದರಿಂದ ಹುಟ್ಟಿದ ಗೊಂದಲ ನಿವಾರಿಸಲು 2018ರ ಜನವರಿಯಿಂದ ಜಾರಿಗೆ ಬಂದ ಕಾಯ್ದೆ ಹಳೆಯ ದೋಣಿಮನೆಗಳನ್ನು ಸಕ್ರಮವೆಂದು ಒಪ್ಪಿಕೊಂಡಿತು. ಆಮ್‌ಸ್ಟರ್‌ಡ್ಯಾಮ್‌ನ ಸುಮಾರು 2,500 ದೋಣಿಮನೆಗಳಿಗೆ ನಿಲುಗಡೆ ಪರವಾನಗಿ ಇದೆ, ವಿಳಾಸವಿದೆ. ಅವುಗಳ ಕೊಳಚೆ ಕಾಲುವೆಗೆ ಸೇರದಂತೆ ಒಳಚರಂಡಿ ಸಂಪರ್ಕವನ್ನೂ ಕಡ್ಡಾಯ ಮಾಡಲಾಯಿತು. ಹಕ್ಕು ಕೊಟ್ಟದ್ದರಿಂದಲೇ ಹೊಣೆ ಕೇಳುವುದು ಸಾಧ್ಯವಾಯಿತು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಕಾಲುವೆ ಸಾರ್ವಜನಿಕ ಆಸ್ತಿ, ಅದು ಸಂಚಾರಕ್ಕೆ ಇರುವುದು. ಎಲ್ಲರೂ ಬೇರೂರಿದರೆ ಹಾದುಹೋಗುವವರಿಗೆ ಒಂದು ರಾತ್ರಿ ನಿಲ್ಲಲೂ ತಾವಿರದು. ಲಂಡನ್ನಿನ ಕಾಲುವೆಗಳಲ್ಲಿ ದೋಣಿಗಳು ಎರಡು ಸಾಲಾಗಿ ನಿಂತಿರುವುದನ್ನು ನೋಡಿದರೆ ಈ ಮಾತನ್ನು ತಳ್ಳಿಹಾಕಲಾಗದು. ನೂರಾರು ವರ್ಷ ಹಳೆಯ ದಂಡೆ, ಲಾಕ್, ಜಲಾಶಯಗಳ ದುರಸ್ತಿಗೆ ಹಣ ಬೇಕು ಎಂಬುದೂ ನಿಜ. ಆದರೆ ದಟ್ಟಣೆಗೆ ಕಾರಣ ಅಧಿಕೃತ ನಿಲುಗಡೆ ಜಾಗಗಳ ಕೊರತೆ. ಜಾಗ ಸಿಗದವರನ್ನು ಎರಡು ವಾರಕ್ಕೊಮ್ಮೆ ಮುಂದಕ್ಕೆ ಅಟ್ಟಿದರೆ ದೋಣಿಗಳ ಸಂಖ್ಯೆ ತಗ್ಗದು. ಅದೇ ದಟ್ಟಣೆ ಮುಂದಿನ ಸೇತುವೆಯ ಬಳಿಗೆ ಹೋಗುತ್ತದೆ. ಸಂಚಾರಕ್ಕೆ ಬೇಕಾದ ದಡವನ್ನು ಮೀಸಲಿಟ್ಟು, ಬಳಕೆ ಕಡಿಮೆಯಾದ ಕಾಲುವೆ ಕವಲುಗಳಲ್ಲಿ ಮತ್ತು ಹಳೆಯ ಬಂದರುಕಟ್ಟೆಗಳಲ್ಲಿ ವಾಸದ ನಿಲುಗಡೆ ಒದಗಿಸಿದರೆ ಎರಡೂ ಬಳಕೆಗಳು ಕೂಡಿ ಬಾಳಬಲ್ಲವು.

ಎರಡನೇ ಆಕ್ಷೇಪ ಡಚ್ ಮಾದರಿಯ ಬಗ್ಗೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹೊಸ ಜಾಗಗಳಿಗೆ ಹೆಚ್ಚುಕಡಿಮೆ ಬಾಗಿಲು ಮುಚ್ಚಿರುವುದರಿಂದ, ದೋಣಿಗಿಂತ ಜಾಗವೇ ದುಬಾರಿಯಾಗಿದೆ. ಬಡವರ ಆಸರೆ ಉಳ್ಳವರ ಸ್ವತ್ತಾಗಿದೆ. ಇದು ಒಪ್ಪಬೇಕಾದ ಎಚ್ಚರಿಕೆ. ಆದರೆ ಬೆಲೆ ಏರಲು ಭದ್ರತೆಯೊಂದೇ ಕಾರಣವಲ್ಲ. ಜಾಗಗಳ ಅಭಾವ, ದೋಣಿಯೊಂದಿಗೆ ಜಾಗವೂ ಮಾರುಕಟ್ಟೆ ದರದಲ್ಲಿ ಕೈಬದಲಾಗುವ ಪದ್ಧತಿ ಅದಕ್ಕೆ ನೀರೆರೆದವು. ಸ್ಥಳೀಯ ಸಂಸ್ಥೆಯೇ ಜಾಗದ ಒಡೆತನ ಇಟ್ಟುಕೊಂಡು, ಮಿತ ಬಾಡಿಗೆಗೆ ದೀರ್ಘಾವಧಿಯ ಭದ್ರತೆ ಕೊಟ್ಟರೆ ಆ ಅಪಾಯ ತಪ್ಪುತ್ತದೆ. ಅಲೆದಾಟವನ್ನೇ ಆರಿಸಿಕೊಂಡವರಿಗೆ ಭದ್ರತೆ ಏಕೆ ಎಂದು ಕೇಳುವವರೂ ಇದ್ದಾರೆ. ತಿರುಗಾಟದ ಬದುಕನ್ನು ಮನಸಾರೆ ಬಯಸಿದವರಿಗೆ 1995ರ ಕಾಯ್ದೆಯ ಅವಕಾಶ ಹಾಗೆಯೇ ಉಳಿಯಲಿ. ಬಾಡಿಗೆ ಕಟ್ಟಲಾಗದೆ ನೀರಿಗಿಳಿದವರ ಅನಿವಾರ್ಯತೆಯನ್ನು ಆಯ್ಕೆ ಎಂದು ಕರೆಯಬಾರದು.

ಇಂಗ್ಲೆಂಡಿನ 2016ರ ವಸತಿ ಮತ್ತು ಯೋಜನಾ ಕಾಯ್ದೆ, ದೋಣಿಮನೆಗಳನ್ನು ನಿಲ್ಲಿಸುವ ಜಾಗಗಳ ಅಗತ್ಯವನ್ನು ಸ್ಥಳೀಯ ಸಂಸ್ಥೆಗಳು ಪರಿಗಣಿಸಬೇಕು ಎನ್ನುತ್ತದೆ. ಅಗತ್ಯವನ್ನು ಎಣಿಸಿ ಕಡತಕ್ಕೆ ಸೇರಿಸಿದರೆ ಸಾಲದು. ಎಣಿಸಿದಷ್ಟು ಜಾಗ ಒದಗಿಸುವ ಬಾಧ್ಯತೆ, ಒಕ್ಕಲೆಬ್ಬಿಸುವ ಮುನ್ನ ನ್ಯಾಯಬದ್ಧ ಕಾರಣ ಮತ್ತು ನೋಟಿಸು, ಮಾಲೀಕತ್ವ ಸಾರುವ ನೋಂದಣಿ – ಈ ಮೂರೂ ಕಾನೂನಿನೊಳಗೆ ಬರಬೇಕು. ಅಲ್ಲಿಯವರೆಗೆ ಹಳೆಯ ಬಾರ್ಜ್ ಕೊಳ್ಳಲು ಹೊರಟವರು ಮೊದಲು ನಿಲುಗಡೆಯ ಲಿಖಿತ ಒಪ್ಪಂದ, ಆಮೇಲೆ ತಳದ ಸರ್ವೇ, ಕೊನೆಗೆ ಬೆಲೆಯ ಮಾತು ಎಂಬ ಕ್ರಮವನ್ನು ಬಿಡಬಾರದು. ವಸತಿಯ ಬಿಕ್ಕಟ್ಟಿಗೆ ನೀರಿನ ಮೇಲೂ ಒಂದು ಉತ್ತರವಿದೆ ಎಂದು ಸರ್ಕಾರಗಳು ಮನಗಂಡರೆ, ಆ ಉತ್ತರ ಶುರುವಾಗಬೇಕಾದದ್ದು ದಡದ ಹಕ್ಕಿನಿಂದ.