ಕಾದರೆ ಎಲ್ಲಾ ಬರುತ್ತಾ?

1/3
ಅರಸೀಕೆರೆ ಕಡೆಯವರಿಗೆ ಇದನ್ನ ಹೇಳಿಕೊಡಬೇಕಾಗೇ ಇಲ್ಲ. ಉಂಡೆ ಕೊಬ್ಬರಿಗೆ ಅಂತ ಅಟ್ಟಕ್ಕೆ ಹಾಕಿದ ಕಾಯಲ್ಲಿ ಕೆಲವು ಕೆಡುತ್ತವೆ. ಉಳಿದವು ನೀರು ಬತ್ತಿ, ಒಳಗೇ ಗಡಗಡ ಅನ್ನೋ ಕೊಬ್ಬರಿಯಾಗುತ್ತವೆ. ಎಲ್ಲಾ ಕಾಯೂ ಒಂದಲ್ಲ ಒಂದು ದಿನ ಕೊಳೆಯುತ್ತೆ ಅಂತ ಯಾವ ರೈತನೂ ಲೆಕ್ಕ ಹಾಕಲ್ಲ.

ಮತ್ತೆ ಸ್ಟಾಟಿಸ್ಟಿಕ್ಸ್ ಕ್ಲಾಸಲ್ಲಿ ಕೂತ ತಕ್ಷಣ ನೀವ್ಯಾಕೆ ಹಾಗೆ ಹಾಕ್ತೀರಾ? ಔಷಧದ ಟ್ರಯಲ್‌ಗೆ ಎಷ್ಟು ರೋಗಿಗಳು ಬೇಕು ಅಂದ್ರೆ ಸಾಕು, ಸಾಫ್ಟ್‌ವೇರ್ ತೆಗೆದು ಎಕ್ಸ್‌ಪೊನೆನ್ಷಿಯಲ್ ಒತ್ತೋದು. ಅದರ ಅರ್ಥ, ಕಾದರೆ ಎಲ್ಲರಿಗೂ ರೋಗ ಮರಳುತ್ತೆ ಅಂತ. ಇನ್ನು ಕೆಲವರದ್ದು ಅದೂ ಇಲ್ಲ, "ಗುಂಪಿಗೆ 30 ಸಾಕು ಬಿಡು ಗುರು"!

2/3
ಮಕ್ಕಳ ರಕ್ತದ ಕ್ಯಾನ್ಸರ್ ಎಎಲ್‌ಎಲ್ ತಗೊಳ್ಳಿ. ಒಳ್ಳೆ ಚಿಕಿತ್ಸೆ ಸಿಕ್ಕ ಬಹಳಷ್ಟು ಮಕ್ಕಳು ಪೂರ್ತಿ ವಾಸಿಯಾಗ್ತಾರೆ. ಮರಳೋದಿದ್ರೆ ಹೆಚ್ಚಾಗಿ ಮೊದಲ ಕೆಲವು ವರ್ಷಗಳಲ್ಲೇ. ಆಮೇಲೆ ಗ್ರಾಫ್ ಸಪಾಟು.

ಹೊಸ ಔಷಧ ರೋಗ ಮರಳುವ ರಭಸವನ್ನ ಅರ್ಧಕ್ಕೆ ಇಳಿಸುತ್ತೆ ಅಂದ್ಕೊಳ್ಳಿ. ಎರಡು ಸಮ ಗುಂಪು, 5% ತಪ್ಪಿನ ಮಿತಿ, 80% ಪವರ್. ಲಾಗ್‌ರ‍್ಯಾಂಕ್ ಪರೀಕ್ಷೆಗೆ ಸುಮಾರು 66 ಬೇಕು. 66 ಮಕ್ಕಳಲ್ಲ ಕಣ್ರೋ, 66 ಸಲ ರೋಗ ಮರಳಬೇಕು. 100 ಮಕ್ಕಳನ್ನ ಸೇರಿಸಿ ಕಾಯ್ತೀನಿ ಅಂತೀರಾ? ಎರಡೂ ಗುಂಪು ಸೇರಿ 80 ಮಕ್ಕಳು ವಾಸಿಯಾದ್ರೆ ಉಳಿಯೋದೇ 20. ಮೊಮ್ಮಕ್ಕಳ ಕಾಲದವರೆಗೆ ಕಾದರೂ 66 ಆಗಲ್ಲ. ಕಡಿಮೆ ಅಂದ್ರೂ 330 ಮಕ್ಕಳು ಬೇಕು.

3/3
"ಕ್ಯೂರ್ ಮಾಡೆಲ್ ಸಿಲಬಸ್‌ನಲ್ಲಿಲ್ಲ" ಅನ್ನೋ ನೆಪ ಬೇಡ. ಬೋಗ್ 1949ರಲ್ಲೇ ಬರೆದ, ಬರ್ಕ್‌ಸನ್ ಮತ್ತು ಗೇಜ್ 1952ರಲ್ಲಿ ಬರೆದರು. ಅಜ್ಜಂದಿರ ಕಾಲದ ಗಣಿತ ಇದು.

ಬೇಲೂರಿಂದಲೋ ಹಳೇಬೀಡಿಂದಲೋ ಮಗುವನ್ನ ಎತ್ಕೊಂಡು ಬೆಂಗಳೂರಿಗೆ ಹೋದ ಅಪ್ಪ ಅಮ್ಮ, ಟ್ರಯಲ್‌ಗೆ ಒಪ್ಪಿ ಸಹಿ ಹಾಕ್ತಾರೆ. ಮುಂದೆ ಬರೋ ಮಕ್ಕಳಿಗಾದ್ರೂ ಉತ್ತರ ಸಿಗಲಿ ಅಂತ. ನಿಮ್ಮ ಟ್ರಯಲ್ ಕೊನೆಗೆ "ವ್ಯತ್ಯಾಸ ಕಂಡುಬಂದಿಲ್ಲ" ಅನ್ನುತ್ತೆ. ಓದಿದವರು "ಔಷಧ ಕೆಲಸ ಮಾಡಲ್ಲ" ಅಂದ್ಕೊಂಡು ಬದಿಗಿಡ್ತಾರೆ. ಅದು ಕೆಲಸ ಮಾಡಿದ್ರೂ ಕಾಣೋ ಸಾಧ್ಯತೆ ಕಡಿಮೆಯೇ ಇತ್ತು ಅನ್ನೋದು ಅವರಿಗೆ ಹೇಗೆ ಗೊತ್ತಾಗಬೇಕು?

2009ರಿಂದ ನಮ್ಮ ದೇಶದಲ್ಲಿ ಟ್ರಯಲ್ ನೋಂದಣಿ ಕಡ್ಡಾಯ. ಸಿಟಿಆರ್‌ಐ ದಾಖಲೆ ಯಾರು ಬೇಕಾದ್ರೂ ತೆಗೆದು ನೋಡಬಹುದು, ಸ್ಯಾಂಪಲ್ ಸೈಜ್ ಅಲ್ಲೇ ಇರುತ್ತೆ. ಮುಂದಿನ ಸೆಮಿನಾರ್‌ಗೆ ಒಂದನ್ನ ತನ್ನಿ, ಕೇಳಿ: ಇದರಲ್ಲಿ ಎಷ್ಟು ಜನ ವಾಸಿಯಾಗ್ತಾರೆ ಅಂತ ಹಿಡಿದಿದ್ದಾರೆ?

#ಅರಸೀಕೆರೆ #ಸ್ಟಾಟಿಸ್ಟಿಕ್ಸ್‌ಕನ್ನಡದಲ್ಲಿ