ಬರುವ ವರ್ಷ ನೋಡೋಣ

ಮುಂದೇನಾಗುವುದೋ ಎಂಬ ಕುತೂಹಲವು ಮಾನವನಿಗೆ ಹುಟ್ಟಿನೊಡನೆ ಬಂದುದು. ಬೀಜ ಬಿತ್ತಿದ ಒಕ್ಕಲಿಗನು ಮುಗಿಲು ನೋಡುತ್ತಾನೆ. ಪರೀಕ್ಷೆ ಬರೆದ ವಿದ್ಯಾರ್ಥಿಯು ಫಲಿತಾಂಶದ ದಿನವನ್ನು ಎಣಿಸುತ್ತಾನೆ. ಮಗಳ ಮದುವೆ ನಿಶ್ಚಯಿಸಿದ ತಾಯಿಯು ಇರುಳೆಲ್ಲ ಮಗ್ಗುಲು ಬದಲಿಸುತ್ತಾಳೆ. ಈ ಕುತೂಹಲ ತಾನಾಗಿ ದೋಷವಲ್ಲ. ಅದು ಹಿಡಿಯುವ ದಾರಿಯಲ್ಲಿ ಒಳಿತೂ ಇದೆ, ಕೆಡುಕೂ ಇದೆ. ಇದನ್ನು ಕುರಿತು ಈ ತಿಂಗಳು ನಾಲ್ಕು ಮಾತು ಬರೆಯುವಂತೆ ಮಾಡಿದವರು ಒಬ್ಬ ಹಿರಿಯ ತಾಯಿ. ಅದಕ್ಕೆ ನಿಮಿತ್ತವಾದುದು ನಾವು ಎಂದೂ ಮೈದಾನದಲ್ಲಿ ಕುಳಿತು ನೋಡದ ಬೇಸ್‌ಬಾಲ್ ಎಂಬ ಆಟ.

ಆ ತಾಯಿಯ ಮಗ ಅಮೆರಿಕದ ಶಿಕಾಗೊ ನಗರದಲ್ಲಿ ಇಂಜಿನಿಯರ್. ಅಲ್ಲಿ ಆರು ತಿಂಗಳಿದ್ದು ಹಿಂದಿರುಗಿದ ಅವರು ನಮ್ಮನ್ನು ಕಾಣಲು ಬಂದರು. ಶರಣಾರ್ಥಿ ಹೇಳಿ ಕುಳಿತ ಮೇಲೆ ಒಂದು ಸಂದೇಹವನ್ನು ಮುಂದಿಟ್ಟರು: “ಶಾಸ್ತ್ರಿಗಳೇ, ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಪಂಚಾಂಗ ಕೇಳಿದವರಿಲ್ಲ, ಕಣಿ ಕೇಳಿದವರಿಲ್ಲ. ಈಗ ನನ್ನ ಮೊಮ್ಮಗ ವರ್ಷ ವರ್ಷವೂ ನೋಟುಬುಕ್ಕಿನಲ್ಲಿ ಭವಿಷ್ಯ ಬರೆಯುತ್ತಾನೆ. ಯಾವ ತಂಡ ಎಷ್ಟು ಆಟ ಗೆಲ್ಲುತ್ತದೆ, ಯಾವುದು ಸೋಲುತ್ತದೆ ಎಂದು. ಇದು ಶರಣರ ಮನೆಗೆ ತಕ್ಕುದೇ?”

ಪ್ರಶ್ನೆ ಮುಗ್ಧವಾದುದು, ಆದರೆ ಹಗುರವಾದುದಲ್ಲ. ಉತ್ತರಿಸುವ ಮುನ್ನ ಆ ಆಟದ ಸಂಗತಿಯನ್ನು ತಿಳಿಯಬೇಕಾಯಿತು. ತಿಳಿದಷ್ಟನ್ನು ಓದುಗರ ಮುಂದಿಡುತ್ತೇವೆ.

ಬೇಸ್‌ಬಾಲ್ ಕೂಡ ನಮ್ಮ ಕ್ರಿಕೆಟ್ಟಿನಂತೆ ದಾಂಡು ಚೆಂಡುಗಳ ಆಟವೇ. ತಂಡಕ್ಕೆ ಒಂಬತ್ತು ಜನ, ಪಂದ್ಯಕ್ಕೆ ಒಂಬತ್ತು ಸರದಿ. ಅಮೆರಿಕದ ಅತ್ಯುನ್ನತ ವೃತ್ತಿಪರ ಪಂದ್ಯಾವಳಿಯಲ್ಲಿ, ಕೆನಡಾದ ಒಂದು ತಂಡವೂ ಸೇರಿ, 30 ತಂಡಗಳಿವೆ. ಫೆಬ್ರವರಿಯಲ್ಲಿ ಆಟಗಾರರು ಫ್ಲಾರಿಡಾ ಮತ್ತು ಅರಿಜೋನಾ ಸಂಸ್ಥಾನಗಳ ಬೆಚ್ಚನೆಯ ಬಯಲುಗಳಲ್ಲಿ ಅಭ್ಯಾಸಕ್ಕೆ ತೊಡಗುತ್ತಾರೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಪ್ರತಿಯೊಂದು ತಂಡವೂ 162 ಪಂದ್ಯಗಳನ್ನಾಡುತ್ತದೆ. ಅಂದರೆ ಹೆಚ್ಚುಕಡಿಮೆ ಪ್ರತಿದಿನವೂ ಆಟವೇ. ಅವುಗಳಲ್ಲಿ 12 ತಂಡಗಳು ಮುಂದಿನ ಸುತ್ತಿಗೆ ಹೋಗಿ, ಕಡೆಗೆ ಉಳಿದ ಎರಡು ತಂಡಗಳು ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯಲ್ಲಿ ಸೆಣಸುತ್ತವೆ.

ಭವಿಷ್ಯ ನುಡಿಯುವ ಹಬ್ಬ ನಡೆಯುವುದು ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ. ಆಗ ಯಾವ ತಂಡವೂ ಇನ್ನೂ ಸೋತಿರುವುದಿಲ್ಲ. ಕಳೆದ ಋತುವಿನ ಕಡೆಯ ತಂಡದ ಅಭಿಮಾನಿಯೂ ಈ ಸಲ ನಮ್ಮದೇ ಎನ್ನುತ್ತಾನೆ. ಲಾಸ್ ಏಂಜಲೀಸ್ ನಗರದ ಡಾಡ್ಜರ್ಸ್ ತಂಡವು 2024ರಲ್ಲಿಯೂ 2025ರಲ್ಲಿಯೂ ಅಂತಿಮ ಸರಣಿಯನ್ನು ಗೆದ್ದುದರಿಂದ, 2026ರಲ್ಲಿಯೂ ಅದೇ ಗೆಲ್ಲುವುದೆಂಬುದು ಹಲವರ ಮಾತು. ಸತತವಾಗಿ ಮೂರು ವರ್ಷ ಗೆದ್ದ ತಂಡ 2000ನೆಯ ಇಸವಿಯ ನ್ಯೂಯಾರ್ಕ್ ಯಾಂಕೀಸ್ ಆದ ಮೇಲೆ ಮತ್ತೊಂದಿಲ್ಲ ಎಂಬುದು ಉಳಿದವರ ಸಮಾಧಾನ.

ಇದೇ ಡಾಡ್ಜರ್ಸ್ ತಂಡ ಹಿಂದೆ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿತ್ತು. 1941, 1947, 1949, 1952, 1953, ಹೀಗೆ ಐದು ಸಲ ಅಂತಿಮ ಸರಣಿಯವರೆಗೆ ಹೋಗಿ ಐದು ಸಲವೂ ಯಾಂಕೀಸ್ ತಂಡಕ್ಕೆ ಸೋತಿತು. ಪ್ರತಿ ಸೋಲಿನ ಮರುದಿನ ಅಲ್ಲಿಯ ಜನ ಹೇಳಿಕೊಳ್ಳುತ್ತಿದ್ದುದು ಒಂದೇ ಮಾತು: ಬರುವ ವರ್ಷ ನೋಡೋಣ. ಆ ಬರುವ ವರ್ಷ ಬಂದುದು 1955ರಲ್ಲಿ. ಶಿಕಾಗೊ ನಗರದ ಕಬ್ಸ್ ತಂಡದವರ ತಾಳ್ಮೆ ಇನ್ನೂ ದೊಡ್ಡದು. 1908ರಲ್ಲಿ ಗೆದ್ದ ಆ ತಂಡ ಮತ್ತೆ ಗೆದ್ದುದು 2016ರಲ್ಲಿ, 108 ವರ್ಷಗಳ ತರುವಾಯ. ಆಗ ಜನರು ಅವರ ಕ್ರೀಡಾಂಗಣದ ಇಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ತೀರಿಹೋದ ತಂದೆತಾಯಿ, ಅಜ್ಜ ಅಜ್ಜಿಯರ ಹೆಸರುಗಳನ್ನು ಬರೆದರು. ಗೆಲ್ಲುವುದೆಂದು ವರ್ಷ ವರ್ಷವೂ ನುಡಿದು, ಗೆಲುವನ್ನು ಕಾಣದೆ ಕಣ್ಮುಚ್ಚಿದವರ ಹೆಸರುಗಳವು. ಇಂತಹ ನುಡಿಯನ್ನು ಜ್ಯೋತಿಷ್ಯವೆಂದು ಕರೆಯಲು ನಮಗೆ ಬಾಯಿ ಬಾರದು. ಇದು ಪ್ರೀತಿಯ ಮಾತು, ಭವಿಷ್ಯದ ಉಡುಗೆಯನ್ನು ತೊಟ್ಟಿದೆ, ಅಷ್ಟೆ.

ಪ್ರೀತಿಯಿಂದ ನುಡಿಯುವವರ ಜೊತೆಗೆ ಎಣಿಕೆಯಿಂದ ನುಡಿಯುವವರೂ ಇದ್ದಾರೆ. ಬಿಲ್ ಜೇಮ್ಸ್ ಎಂಬಾತ ಕ್ಯಾನ್ಸಸ್ ಸಂಸ್ಥಾನದಲ್ಲಿ ಆಹಾರವನ್ನು ಡಬ್ಬಿಗೆ ತುಂಬುವ ಕಾರ್ಖಾನೆಯ ರಾತ್ರಿ ಕಾವಲುಗಾರನಾಗಿದ್ದ. ಕಾವಲಿನ ಆ ಇರುಳುಗಳಲ್ಲಿ ಹಳೆಯ ಪಂದ್ಯಗಳ ಅಂಕಿಗಳನ್ನು ಮುಂದಿಟ್ಟುಕೊಂಡು, ಗೆಲುವು ಏತರಿಂದ ಬರುತ್ತದೆಂದು ಲೆಕ್ಕ ಹಾಕಿದ. 1977ರಿಂದ ಅದನ್ನು ತಾನೇ ಪುಸ್ತಕವಾಗಿ ಹೊರತಂದ. ಮೊದಲು ಅವನನ್ನು ಕೇಳಿದವರು ಕಡಿಮೆ. 2003ರಲ್ಲಿ ಬಾಸ್ಟನ್ ನಗರದ ರೆಡ್ ಸಾಕ್ಸ್ ತಂಡವೇ ಅವನನ್ನು ಸಲಹೆಗಾರನನ್ನಾಗಿ ಕರೆದುಕೊಂಡಿತು. ಮರುವರ್ಷ ಆ ತಂಡ 1918ರ ತರುವಾಯ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ಗೆದ್ದಿತು. ಇಂದು ಗಣಕಯಂತ್ರಗಳು ಪ್ರತಿ ಆಟಗಾರನ ವಯಸ್ಸು, ಹಿಂದಿನ ಸಾಧನೆ ಎಲ್ಲವನ್ನೂ ತೂಗಿ ತಂಡದ ಗೆಲುವುಗಳನ್ನು ಮೊದಲೇ ಅಂದಾಜು ಮಾಡುತ್ತವೆ.

ಆದರೂ ಅಂದಾಜು ಅಂದಾಜೇ. 2015ರಲ್ಲಿ ಹೆಸರಾಂತ ಗಣಕ ಪದ್ಧತಿಯೊಂದು ಕ್ಯಾನ್ಸಸ್ ಸಿಟಿಯ ರಾಯಲ್ಸ್ ತಂಡಕ್ಕೆ 72 ಗೆಲುವುಗಳೆಂದು ಲೆಕ್ಕ ಕಟ್ಟಿತ್ತು. ಆ ತಂಡ 95 ಪಂದ್ಯ ಗೆದ್ದು ಕಿರೀಟವನ್ನೂ ಧರಿಸಿತು. 1987ರಲ್ಲಿ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆಯು ಕ್ಲೀವ್‌ಲ್ಯಾಂಡ್ ತಂಡವನ್ನು ಅದರ ಲೀಗಿನ ಅತ್ಯುತ್ತಮ ತಂಡವೆಂದು ಮುಖಪುಟದಲ್ಲಿ ಸಾರಿತು. ಆ ತಂಡ 101 ಪಂದ್ಯಗಳನ್ನು ಸೋತಿತು. 2001ರಲ್ಲಿ ಸಿಯಾಟಲ್ ತಂಡ 116 ಪಂದ್ಯಗಳನ್ನು ಗೆದ್ದೂ ಅಂತಿಮ ಸರಣಿಯನ್ನೇ ಮುಟ್ಟಲಿಲ್ಲ. ದೀರ್ಘ ಋತುವಿನಲ್ಲಿ ಬಲ ಬೆಳಗುತ್ತದೆ. ಕಡೆಯ ಕೆಲವು ಪಂದ್ಯಗಳಲ್ಲಿ ಒಂದು ಜಾರಿದ ಚೆಂಡು, ಒಂದು ನೊಂದ ತೋಳು ಎಲ್ಲವನ್ನೂ ತಿರುಗಿಸುತ್ತದೆ.

ಅದೇ ಪತ್ರಿಕೆ 2014ರಲ್ಲಿ ಹೂಸ್ಟನ್ ತಂಡವು 2017ರ ವರ್ಲ್ಡ್ ಸೀರೀಸ್ ಗೆಲ್ಲುವುದೆಂದು ಬರೆದಿತ್ತು. ಆಗ ಅದು ತೀರ ಹಿಂದುಳಿದ ತಂಡ. ಮೂರು ವರ್ಷದ ಬಳಿಕ ಮಾತು ಅಕ್ಷರಶಃ ನಿಜವಾಯಿತು, ಜಗತ್ತು ಬೆರಗಾಯಿತು. 2019ರಲ್ಲಿ ಹೊರಬಿದ್ದ ಸಂಗತಿ ಬೇರೆ. ಆ ಗೆಲುವಿನ ವರ್ಷ ತಂಡದವರು ಕ್ಯಾಮರಾ ಇಟ್ಟು ಎದುರಾಳಿಗಳ ಕೈಸನ್ನೆಗಳನ್ನು ಕದ್ದು ನೋಡುತ್ತಿದ್ದರು. ಭವಿಷ್ಯ ಫಲಿಸಿತು, ಆದರೆ ನಡತೆ ಕೆಟ್ಟಿತ್ತು. ಫಲಿಸಿದ ಮಾತೆಲ್ಲ ಒಳ್ಳೆಯದೆಂದು ತಿಳಿಯುವವರು ಈ ನಿದರ್ಶನವನ್ನು ನೆನಪಿಡಬೇಕು.

ಈಗ ತಾಯಿಯ ಪ್ರಶ್ನೆಗೆ ಬರೋಣ. ಹನ್ನೆರಡನೆಯ ಶತಮಾನದ ಶರಣರು ಶಕುನ, ಮುಹೂರ್ತ, ಗ್ರಹಬಲಗಳನ್ನು ಏಕೆ ತಿರಸ್ಕರಿಸಿದರು? ನಾಳೆಯನ್ನು ಕುರಿತು ಯೋಚಿಸುವುದು ತಪ್ಪೆಂದಲ್ಲ. ಅವು ಮನುಷ್ಯನ ಎದೆಯಲ್ಲಿ ಅಂಜಿಕೆಯನ್ನು ಬಿತ್ತಿ, ಕಾಯಕದ ಕೈಯನ್ನು ಕಟ್ಟಿ, ನಂಬಿದವನ ಗಂಟನ್ನು ಕಳೆಯುತ್ತವೆಂದು. ಇನ್ನೊಂದು ಕಾರಣವನ್ನು ನಾವು ಸೇರಿಸುತ್ತೇವೆ. ಕಣಿ ಹೇಳುವವನು ತಾನು ಹೇಳಿದ್ದನ್ನು ಬರೆದಿಟ್ಟು, ವರ್ಷ ಕಳೆದ ಮೇಲೆ ಮನೆಗೆ ಬಂದು, “ಅಮ್ಮಾ, ನಾನು ಹೇಳಿದ್ದರಲ್ಲಿ ಇಷ್ಟು ಸುಳ್ಳಾಯಿತು” ಎಂದು ಲೆಕ್ಕ ಒಪ್ಪಿಸಿದ್ದನ್ನು ನಾವು ಕಂಡಿಲ್ಲ.

ಆದುದರಿಂದ ತಾಯಿಯನ್ನು ಕೇಳಿದೆವು: “ಮೊಮ್ಮಗನ ನೋಟುಬುಕ್ಕಿನಲ್ಲಿ ಭವಿಷ್ಯ ಮಾತ್ರ ಇದೆಯೋ, ಬೇರೇನಾದರೂ ಇದೆಯೋ?”

ಆಕೆ ಹೇಳಿದ ಸಂಗತಿ ನಮ್ಮ ಮನಸ್ಸನ್ನು ಮುಟ್ಟಿತು. ಹುಡುಗನಿಗೆ ಹನ್ನೆರಡು ವರ್ಷ. ಅವನ ಪ್ರೀತಿಯ ತಂಡ ಅದೇ ನಗರದ ವೈಟ್ ಸಾಕ್ಸ್, ಎಂದರೆ ಬಿಳಿಯ ಕಾಲುಚೀಲದವರು. ಪುಟದ ಎಡಕ್ಕೆ ಮಾರ್ಚಿಯಲ್ಲಿ ತಾನು ನುಡಿದುದು, ಬಲಕ್ಕೆ ಋತು ಮುಗಿದ ಮೇಲೆ ಆದುದು. 2024ರಲ್ಲಿ ತನ್ನ ತಂಡ 81 ಪಂದ್ಯ ಗೆಲ್ಲುವುದೆಂದು ಬರೆದಿದ್ದ. ಗೆದ್ದದ್ದು 41. ಸೋತ 121 ಪಂದ್ಯಗಳು ಆಧುನಿಕ ಕಾಲದ ದಾಖಲೆ. ನಡುವೆ ಒಂದೇ ಸಮನೆ 21 ಪಂದ್ಯಗಳ ಸೋಲು. ಬಲಬದಿಯಲ್ಲಿ ಹುಡುಗ ಬರೆದುಕೊಂಡಿದ್ದ: ನನ್ನ ಲೆಕ್ಕ 40 ತಪ್ಪಿತು, ಪ್ರೀತಿಯಿಂದ ಬರೆದಿದ್ದೆ. ಮರುವರ್ಷ ಎಚ್ಚರ ವಹಿಸಿ 50 ಎಂದು ಬರೆದ. ತಂಡ ಗೆದ್ದದ್ದು 60. ಬಲಕ್ಕೆ ಬರೆದ ಮಾತು: ಹತ್ತು ತಪ್ಪಿತು, ಈ ಸಲ ತಪ್ಪಿದ್ದಕ್ಕೆ ಸಂತೋಷ.

“ತಾಯೀ, ಇದು ಕಣಿಯಲ್ಲ. ನುಡಿದದ್ದನ್ನು ತಾನೇ ಒರೆಗೆ ಹಚ್ಚಿ, ತಪ್ಪನ್ನು ತಾನೇ ಬರೆದಿಡುವ ಬಾಲಕ ಶರಣರ ದಾರಿಗೆ ದೂರದವನಲ್ಲ. ಅವನು ಬರೆಯಲಿ” ಎಂದೆವು.

ತಾಯಿಯ ಮುಖ ಅರಳಲಿಲ್ಲ. ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಮಡಿಸುತ್ತ ಕುಳಿತು, ದನಿ ತಗ್ಗಿಸಿ ಹೇಳಿದರು: “ಹುಡುಗನದಲ್ಲ ಶಾಸ್ತ್ರಿಗಳೇ ನನ್ನ ಚಿಂತೆ, ಅವನ ಅಪ್ಪನದು.”

ಮಗನೂ ಭವಿಷ್ಯ ನುಡಿಯುತ್ತಿದ್ದನು. ಬರೆಯುತ್ತಿದ್ದುದು ನೋಟುಬುಕ್ಕಿನಲ್ಲಲ್ಲ, ಕೈಯ ಫೋನಿನಲ್ಲಿ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಕ್ರೀಡೆಯ ಬಾಜಿಯನ್ನು ತಡೆದಿದ್ದ ಕೇಂದ್ರದ ಕಾನೂನನ್ನು ರದ್ದುಪಡಿಸಿತು. ತರುವಾಯ ಒಂದೊಂದೇ ಸಂಸ್ಥಾನ ಅದಕ್ಕೆ ಬಾಗಿಲು ತೆರೆಯಿತು. ಶಿಕಾಗೊ ಇರುವ ಇಲಿನಾಯ್ ಸಂಸ್ಥಾನದಲ್ಲಿ 2020ರಿಂದ ಬಾಜಿ ಆರಂಭವಾಯಿತು. ಮೊದಲು ಗೆಳೆಯರೊಡನೆ ವಿನೋದ, ಬಳಿಕ ಇರುಳಿನ ಅಭ್ಯಾಸ. ಕಳೆದ ವರ್ಷ ಇಡೀ ಕುಟುಂಬ ಊರಿಗೆ ಬಂದು ತೀರಿಕೊಂಡ ತಂದೆಯ ಪುಣ್ಯಸ್ಮರಣೆಯನ್ನೂ ದಾಸೋಹವನ್ನೂ ನಡೆಸಬೇಕೆಂದು ಹಣ ತೆಗೆದಿಟ್ಟಿದ್ದರು. ಆ ಹಣ ಆಟಕ್ಕೆ ಹೋಯಿತು. ತಾಯಿ ಒಬ್ಬರೇ ವಿಮಾನ ಹತ್ತಿ ಬಂದರು. ಸೊಸೆ ಎದುರಾಡಲಿಲ್ಲ, ಮಾತನ್ನೇ ಬಿಟ್ಟಿದ್ದಾಳೆ.

ಮೊಮ್ಮಗ ಪ್ರೀತಿಸುವ ತಂಡದ ಚರಿತ್ರೆಯಲ್ಲಿಯೇ ಈ ಮಗನಿಗೊಂದು ಪಾಠವಿದೆ. 1919ರಲ್ಲಿ ವೈಟ್ ಸಾಕ್ಸ್ ತಂಡವೇ ವರ್ಲ್ಡ್ ಸೀರೀಸ್ ಗೆಲ್ಲುವುದೆಂಬುದು ಬಹುಜನರ ನಂಬಿಕೆಯಾಗಿತ್ತು. ತಂಡ ಸಿನ್ಸಿನಾಟಿಗೆ ಸೋತಿತು. ಜೂಜುಗಾರರ ಹಣಕ್ಕೆ ಆಟವನ್ನು ಮಾರಿಕೊಂಡ ಆರೋಪ ಎಂಟು ಆಟಗಾರರ ಮೇಲೆ ಬಂದಿತು. 1921ರಲ್ಲಿ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿದರೂ ಬೇಸ್‌ಬಾಲಿನ ಆಯುಕ್ತರಾಗಿದ್ದ ಲ್ಯಾಂಡಿಸ್ ಅವರು ಎಂಟು ಮಂದಿಗೂ ಜೀವಾವಧಿ ನಿಷೇಧ ವಿಧಿಸಿದರು. ಅಂದಿನ ಅಭಿಮಾನಿಗಳ ಎಣಿಕೆ ತಾನಾಗಿ ತಪ್ಪಲಿಲ್ಲ. ಜೂಜು ಅದನ್ನು ತಪ್ಪಿಸಿತು. ಇತ್ತೀಚೆಗೆ, 2024ರಲ್ಲಿ, ಡಾಡ್ಜರ್ಸ್ ತಂಡದ ಪ್ರಖ್ಯಾತ ಆಟಗಾರ ಶೋಹೆ ಓಟಾನಿಯ ದುಭಾಷಿಯು ಬಾಜಿಯ ಸಾಲ ತೀರಿಸಲು ನಂಬಿದವನ ಖಾತೆಯಿಂದಲೇ ಸುಮಾರು 1 ಕೋಟಿ 70 ಲಕ್ಷ ಡಾಲರ್ ಕದ್ದುದು ಬೆಳಕಿಗೆ ಬಂದಿತು. ಅವನಿಗೆ 2025ರಲ್ಲಿ 57 ತಿಂಗಳ ಸೆರೆವಾಸ ವಿಧಿಸಲಾಯಿತು. ಧರ್ಮರಾಯನ ಪಗಡೆಯ ಕಥೆ ಹಳೆಯದೆಂದು ನಾವು ಭಾವಿಸುತ್ತೇವೆ. ಹಾಸು ಬದಲಾಗಿದೆ, ದಾಳ ಬದಲಾಗಿಲ್ಲ.

ತಂದೆ ಮಕ್ಕಳಿಬ್ಬರೂ ಒಂದೇ ಆಟವನ್ನು ಕುರಿತು ನುಡಿದರು. ಹುಡುಗನ ನುಡಿ ತಪ್ಪಿದಾಗ ಅವನು ಕಲಿತ. ತಂದೆಯ ನುಡಿ ತಪ್ಪಿದಾಗ ಅವನು ಇನ್ನೂ ಹೆಚ್ಚಿನದನ್ನು ಪಣಕ್ಕಿಟ್ಟ. ಹುಡುಗನಿಗೆ ಬಲಬದಿಯ ಪುಟವಿತ್ತು, ತಂದೆಗೆ ಇರಲಿಲ್ಲ. ಗೆದ್ದ ದಿನವನ್ನು ಮನೆಯವರಿಗೆ ಹೇಳಿದ, ಸೋತ ದಿನವನ್ನು ಮುಚ್ಚಿದ. ಬಾಜಿ ಬೆಳೆಯುವುದೇ ಈ ಕತ್ತಲಲ್ಲಿ.

ತಾಯಿಗೆ ನಾವು ಹೇಳಿದ ಉಪಾಯ ಸರಳವಾದುದು. “ಮಗನನ್ನು ಬಯ್ಯಬೇಡಿರಿ, ಆಣೆ ಹಾಕಿಸಬೇಡಿರಿ. ಮೊಮ್ಮಗನ ನೋಟುಬುಕ್ಕಿನಂತಹುದೇ ಒಂದನ್ನು ಕೊಂಡು, ಇದುವರೆಗೆ ಕಟ್ಟಿದ್ದೆಷ್ಟು, ಬಂದದ್ದೆಷ್ಟು ಎಂದು ತನ್ನ ಕೈಯಿಂದಲೇ ಬರೆದು ಹೆಂಡತಿಯ ಮುಂದಿಡಲು ಹೇಳಿರಿ. ಪ್ರತಿದಿನ ಲಿಂಗಪೂಜೆಗೆ ಕೂಡುವ ಮುನ್ನ ಒಮ್ಮೆ ಓದಲಿ. ಫೋನಿನಲ್ಲಿರುವ ಆ ಖಾತೆಯನ್ನು ಮುಚ್ಚಲಿ, ಹಣದ ವ್ಯವಹಾರ ಸೊಸೆಯ ಕೈಗೆ ಬರಲಿ. ಆದರೂ ಚಟ ಬಿಡದಿದ್ದರೆ ಅದು ರೋಗವೆಂದು ತಿಳಿದು, ನಾಚದೆ ವೈದ್ಯರಲ್ಲಿಗೆ ಹೋಗಲಿ” ಎಂದೆವು.

ನಮ್ಮ ನಾಡಿನ ಮನೆಗಳಿಗೂ ಈ ಮಾತು ಸಲ್ಲುತ್ತದೆ. 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಕಾನೂನು ಬೀದಿಯ ಬಾಗಿಲನ್ನು ಮುಚ್ಚಬಹುದು. ಮನೆಯೊಳಗಿನ ಲೆಕ್ಕವನ್ನು ಮನೆಯವರೇ ಇಡಬೇಕು. ಕ್ರಿಕೆಟ್ಟಿನ ದಿನಗಳಲ್ಲಿ ನಮ್ಮ ಹುಡುಗರು ಇಂತಹವರು ಗೆಲ್ಲುತ್ತಾರೆಂದು ವಾದಿಸಲಿ, ಬರೆದಿಡಲಿ, ತಪ್ಪಿದರೆ ನಗಲಿ. ನಡುವೆ ಹಣ ಬಂದ ಕ್ಷಣ ಹಿರಿಯರು ಎದ್ದು ನಿಲ್ಲಬೇಕು.

ತಾಯಿ ಹೊರಡುವಾಗ, ಮೊಮ್ಮಗ 2026ಕ್ಕೆ ಏನು ಬರೆದಿದ್ದಾನೆಂದು ಕೇಳಿದೆವು. “ಫೋನಿನಲ್ಲಿ ಹೇಳಿದ, 70 ಅಂತೆ” ಎಂದು ನಕ್ಕರು. ಮಗನ ವಿಷಯ ಏನಾದೀತೆಂದು ನಮ್ಮನ್ನು ಕೇಳಿದರು. ಅದನ್ನು ನುಡಿಯುವ ಶಕ್ತಿ ನಮಗಿಲ್ಲ, ನುಡಿಯುವುದು ನಮ್ಮ ಧರ್ಮವೂ ಅಲ್ಲ. ಆದರೆ ಬ್ರೂಕ್ಲಿನ್ನಿನ ಆ ಸಾಮಾನ್ಯ ಜನರಂತೆ ನಾವೂ ಅಷ್ಟನ್ನು ಹೇಳಬಲ್ಲೆವು: ಬರುವ ವರ್ಷ ನೋಡೋಣ. ಪುಣ್ಯಸ್ಮರಣೆಯ ದಾಸೋಹಕ್ಕೆ ಅವರೆಲ್ಲರೂ ಕೂಡಿ ಬಂದರೆ ಪಂಕ್ತಿಯಲ್ಲಿ ನಾವೂ ಕುಳಿತಿರುತ್ತೇವೆ.