ಕಡ್ಡಿ ಗೀರುವ ಮೊದಲು

ಹಿರೇಹಡಗಲಿಯ ರೈತ ಬಂಧುಗಳೇ, ಸ್ವಸಹಾಯ ಸಂಘಗಳ ಅಕ್ಕ-ತಂಗಿಯರೇ, ನೆರೆಯ ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಸೀಮೆಯವರೇ,

ಕಟಾವು ಮಿಷನ್ ಗದ್ದೆ ದಾಟಿ ಹೋದ ಮೇಲೆ ಉಳಿಯುವ ಹುಲ್ಲು, ಮೆಕ್ಕೆಜೋಳ ಸುಲಿದ ಕಣದಲ್ಲಿ ರಾಶಿ ಬೀಳುವ ತೆನೆಸಿಪ್ಪೆ, ಬಣವೆಯ ಬುಡದಲ್ಲಿ ನೆನೆದು ಕಪ್ಪಾಗಿ ದನವೂ ಮೂಸದ ಹುಲ್ಲು, ಇವಕ್ಕೆ ಕಡ್ಡಿ ಗೀರುವ ಮೊದಲು ಈ ಮನವಿ ಓದಿ. ಮೇವು ಕೇಳಲು ಬಂದಿಲ್ಲ. ಬರ ಕಂಡ ಸೀಮೆ ನಮ್ಮದು. ಒಳ್ಳೆಯ ಹುಲ್ಲು, ಜೋಳದ ಸೊಪ್ಪೆ ಎತ್ತು-ಎಮ್ಮೆಗಳ ಪಾಲು, ಅದರಲ್ಲಿ ಎರಡು ಮಾತಿಲ್ಲ. ಸುಡುವುದನ್ನಷ್ಟೇ ಕೊಡಿ. ಅದರಿಂದ ಊರಲ್ಲೇ ಕೈಕಾಗದ ಮಾಡೋಣ.

ಹುಲ್ಲನ್ನು ಬೆರಳುದ್ದ ಕತ್ತರಿಸಿ, ರಾತ್ರಿಯಿಡೀ ನೆನೆಹಾಕಿ, ಸುಣ್ಣದ ನೀರಿನಲ್ಲಿ ಗಂಟೆಗಟ್ಟಲೆ ಕುದಿಸಬೇಕು. ಹಿಸುಕಿದಾಗ ನಾರು ನಾರಾಗಿ ಬಿಟ್ಟುಕೊಂಡರೆ ಬೆಂದಂತೆ. ತೊಳೆದು, ಬೀಟರ್‌ನಲ್ಲಿ ಅರೆದು ತೊಟ್ಟಿಯ ನೀರಿಗೆ ಬೆರೆಸಿ, ಜಾಲರಿ ಕಟ್ಟಿದ ಚೌಕಟ್ಟನ್ನು ಮುಳುಗಿಸಿ ಎತ್ತಿದರೆ ನೀರು ಸೋರಿ ತೆಳ್ಳನೆಯ ಪದರ ನಿಲ್ಲುತ್ತದೆ. ಎತ್ತುವಾಗ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಅಲುಗಿಸಬೇಕು; ನಾರುಗಳು ಹೆಣೆದುಕೊಳ್ಳುವುದು ಆ ಅಲುಗಾಟದಲ್ಲೇ. ಬಟ್ಟೆಯ ಮೇಲೆ ಮಗುಚಿ, ಒತ್ತಿ ನೀರು ಹಿಂಡಿ, ಹಗ್ಗಕ್ಕೆ ಹಾಕಿದರಾಯಿತು. ಒಣಗಿಸಲು ನಮ್ಮ ಬಿಸಿಲು ಸಾಲದೆ?

ಭತ್ತದ ಹುಲ್ಲಿನ ನಾರು ಗಿಡ್ಡ. ಬರೀ ಅದರದೇ ಹಾಳೆ ಮಡಿಚಿದಲ್ಲಿ ಸೀಳುತ್ತದೆ, ಹತ್ತಿಯ ನಾರು ಬೆರೆಸಲೇಬೇಕು. ಬಳ್ಳಾರಿಯ ಜೀನ್ಸ್ ಹೊಲಿಯುವಲ್ಲಿ ತುಂಡುಬಟ್ಟೆಗೆ ಬರವಿಲ್ಲ. ಹಿಗ್ಗುವ ಬಟ್ಟೆ ಮಾತ್ರ ಬೇಡ. ಹಡಗಲಿ ಮಲ್ಲಿಗೆಯ ಎಸಳನ್ನೂ ಹಾಕಬಾರದೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಒಣಗಿದರೆ ಕಂದಿಹೋಗುತ್ತದೆ, ಮಲ್ಲಿಗೆ ಮುಡಿಯಲ್ಲೇ ಇರಲಿ.

ಒಂದು ಶರತ್ತಿದೆ. ಹುಲ್ಲು ಕುದಿಸಿದ ಕಪ್ಪು ನೀರು ಹಳ್ಳಕ್ಕೂ ಹೊಳೆಗೂ ಸೇರಕೂಡದು. ಮೇಲ್ಗಡೆ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆ ಕೆಟ್ಟಿತೆಂದು 1980ರ ದಶಕದಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೋರಾಡಿತು. ಆ ಹೊಳೆಯ ನೀರು ಕುಡಿಯುವ ನಾವು ಅದೇ ಕೆಲಸವನ್ನು ಸಣ್ಣದಾಗಿ ಮಾಡಲಾಗದು. ಕಾಸ್ಟಿಕ್ ಸೋಡಾ ಬೇಡ. ತೊಳೆದ ನೀರನ್ನು ಗಿಲಾವು ಮಾಡಿದ ತೊಟ್ಟಿಯಲ್ಲಿ ತಿಳಿಗೊಳಿಸಿ ಮತ್ತೆ ಬಳಸಬೇಕು. ಅಷ್ಟು ವ್ಯವಸ್ಥೆಯಾಗದಿದ್ದರೆ ಘಟಕವೇ ಬೇಡ.

ತರಬೇತಿಗೆ ಜೈಪುರದ ಸಾಂಗಾನೇರ್‌ನಲ್ಲಿ ಕುಮಾರಪ್ಪ ರಾಷ್ಟ್ರೀಯ ಕೈಕಾಗದ ಸಂಸ್ಥೆ ಇದೆ. ಹಳ್ಳಿಯಲ್ಲಿ ಘಟಕ ಹಾಕುವ ಮಹಿಳೆಯರಿಗೆ ಯೋಜನಾ ವೆಚ್ಚದ ಶೇ 35ರಷ್ಟು ಸಹಾಯಧನ ಕೇಂದ್ರದ ಉದ್ಯೋಗ ಸೃಷ್ಟಿ ಯೋಜನೆಯಾದ ಪಿಎಂಇಜಿಪಿಯಲ್ಲಿದೆ. ಖಾದಿ ಮಂಡಳಿಯಲ್ಲಿ ವಿಚಾರಿಸಿ.

ಆದರೆ ಕಾಗದ ಮಾಡುವುದಕ್ಕಿಂತ ಮಾರುವುದು ಕಷ್ಟ. 1800ರಲ್ಲಿ ಲಂಡನ್ನಿನ ಮಥಾಯಸ್ ಕೂಪ್ಸ್ ಹುಲ್ಲಿನ ಕಾಗದದ ಮೇಲೆ ಪುಸ್ತಕವನ್ನೇ ಅಚ್ಚುಹಾಕಿಸಿ ತೋರಿಸಿದ. ಹುರುಪಿನಲ್ಲಿ ದೊಡ್ಡ ಕಾರ್ಖಾನೆ ಕಟ್ಟಿ, ಕೆಲವೇ ವರ್ಷಗಳಲ್ಲಿ ದಿವಾಳಿಯಾದ. ಹಾಗಾಗಿ ನಾವು ಒಂದೇ ತೊಟ್ಟಿಯಿಂದ ಶುರುಮಾಡೋಣ, ಅದಕ್ಕೂ ಮೊದಲು ಗಿರಾಕಿಗಳನ್ನು ಗೊತ್ತುಮಾಡಿಕೊಳ್ಳೋಣ. ಆ ಗಿರಾಕಿಗಳು ನೀವೇ ಆಗಬೇಕು. ಲಗ್ನಪತ್ರಿಕೆ ಈ ಕಾಗದದಲ್ಲಿ ಅಚ್ಚಾಗಲಿ. ಮೈಲಾರದ ಜಾತ್ರೆಯಲ್ಲಿ ಭಂಡಾರ ಮಾರುವವರು ಪ್ಲಾಸ್ಟಿಕ್ ಬಿಟ್ಟು ಇದರಲ್ಲಿ ಪೊಟ್ಟಣ ಕಟ್ಟಲಿ. ಶಾಲೆಯ ಪ್ರಶಸ್ತಿಪತ್ರ, ಪಂಚಾಯಿತಿಯ ಫೈಲಿನ ರಟ್ಟು ಇದರದೇ ಆಗಲಿ. ಗಿರಣಿ ಕಾಗದಕ್ಕಿಂತ ದುಬಾರಿ ಬೀಳುತ್ತದೆ, ಮುಚ್ಚಿಡುವುದೇನಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಒಂದು ಶೆಡ್ಡು, ಒಂದು ನೀರಿನ ನಲ್ಲಿ ಕೇಳುವವರಿದ್ದೇವೆ. ಜೊತೆಗೆ ನಿಂತು ಕೈ ಎತ್ತಿ. ಮನೆಯಲ್ಲಿ ಮದುವೆ ನಿಶ್ಚಯವಾಗಿದ್ದರೆ, ಎಷ್ಟು ಪತ್ರಿಕೆ ಬೇಕೆಂದು ಚೀಟಿಯಲ್ಲಿ ಬರೆದು ತನ್ನಿ.